ಒಂಬತ್ತನೇ ರಾಶಿ

ಗುರುವಾರ ಬೆಳಗ್ಗೆ ಲ್ಯಾಬಿನವನು ತಾನೇ ಕೆಂಪು ಹಲಗೆ ಹೊತ್ತುಕೊಂಡು ಬರುವುದನ್ನು ಚೀಟಿಯಕ್ಕ ತನ್ನ ಕೋಣೆಯ ಕಿಟಕಿಯಿಂದ ನೋಡಿದಳು. ಹಲಗೆ ನೆಡುವುದು ಅವನ ಕೆಲಸವಲ್ಲ. ಅದಕ್ಕೆ ಬೇರೆ ಆಳುಗಳಿದ್ದರು. ಇಷ್ಟೊಂದು ಅವಸರ ಏನಪ್ಪಾ ಎಂದು ಅವಳು ನೋಡುತ್ತಿದ್ದಂತೆಯೇ ಅವನು ಒಂಬತ್ತನೇ ರಾಶಿಯ ಮುಂದೆ ನಿಂತು, ಹಳದಿ ಹಲಗೆ ಕಿತ್ತು ಪಕ್ಕಕ್ಕೆ ಎಸೆದು, ಕೆಂಪನ್ನು ನೆಟ್ಟ. ಅವಳು ಚೀಟಿ ಪುಸ್ತಕ ಎಳೆದುಕೊಂಡು ಮಂಗಳವಾರದ ಹಾಳೆ ತಿರುವಿದಳು.

ಅದು ಹೂಳಿನ ಅಂಗಳ. ಬಂದರಿನ ತಳದಲ್ಲಿ ಎಷ್ಟೋ ವರ್ಷಗಳಿಂದ ಕೂತಿದ್ದ ಕೆಸರನ್ನು ಹಡಗೊಂದು ಹೀರಿ ಕೊಳವೆಯಲ್ಲಿ ಇಲ್ಲಿಗೆ ಕಳಿಸುತ್ತಿತ್ತು. ಅದನ್ನು ಉದ್ದುದ್ದ ಬಟ್ಟೆಯ ಚೀಲಗಳಿಗೆ ತುಂಬುತ್ತಿದ್ದರು. ಒಂದೊಂದು ಚೀಲವೂ ಮಲಗಿದ ಆನೆಯಷ್ಟು. ವಾರಗಟ್ಟಲೆ ನೀರು ಬಸಿದ ಮೇಲೆ ಚೀಲ ಸೀಳಿ, ಹೂಳಿಗೆ ಸಿಮೆಂಟು, ಸುಣ್ಣ ಬೆರೆಸಿ, ದೊಡ್ಡ ಮಿಕ್ಸರಿನಲ್ಲಿ ಕಲಸಿ ರಾಶಿ ಹಾಕುತ್ತಿದ್ದರು. ಹೂಳಿನಲ್ಲಿದ್ದ ಸೀಸ, ತಾಮ್ರ, ಹಡಗಿನ ಹೊಟ್ಟೆಗೆ ಬಳಿದು ಬಳಿದು ಕೆರೆದು ಹಾಕಿದ ವಿಷದ ಬಣ್ಣ, ಎಲ್ಲವೂ ಆ ಸಿಮೆಂಟಿನೊಳಗೆ ಸೆರೆಯಾಗಿ ಕೂರಬೇಕು. ಕೂತಿದೆಯೋ ಇಲ್ಲವೋ ಎಂದು ಲ್ಯಾಬು ಹೇಳಬೇಕು. ಹೇಳುವವರೆಗೆ ರಾಶಿಯ ಮುಂದೆ ಹಳದಿ ಹಲಗೆ. ಪಾಸಾದರೆ ಹಸಿರು, ಇಲ್ಲವಾದರೆ ಕೆಂಪು. ಹಸಿರು ಹಲಗೆಯ ಮಣ್ಣು ರಸ್ತೆಗೆ, ಕಟ್ಟಡಗಳ ತಳಕ್ಕೆ ಹೋಗುತ್ತಿತ್ತು. ಅರ್ಜಿ ಹಾಕಿದವರಿಗೆ ತಗ್ಗು ತುಂಬಿಕೊಳ್ಳಲು ಒಂದು ಲೋಡು ಸಿಗುವುದೂ ಇತ್ತು. ಆದರೆ ಯಾವ ಲಾರಿ ಹೊರಗೆ ಹೋಗಬೇಕಾದರೂ ಗೇಟಿನ ಪಕ್ಕದ ಕೋಣೆಯಲ್ಲಿ ಕೂತ ಈ ಹೆಂಗಸು ತೂಕ ನೋಡಿ, ರಾಶಿಯ ನಂಬರು ಬರೆದು, ಚೀಟಿ ಹರಿದು ಕೊಡಬೇಕು. ಹದಿನಾಲ್ಕು ವರ್ಷದಿಂದ ಅದೇ ಕೆಲಸ. ಹಾಗಾಗಿ ಡ್ರೈವರುಗಳ ಬಾಯಲ್ಲಿ ಅವಳು ಚೀಟಿಯಕ್ಕ.

ಲ್ಯಾಬಿನವನು ಸೀದಾ ಅವಳ ಕೋಣೆಗೇ ಬಂದ. ಅವನಿಗೂ ಅಂಗಳದಲ್ಲಿ ಒಂದು ಹೆಸರಿತ್ತು: ದಶಮಾಂಶ. ಮನೆಯಲ್ಲಿ ಎಷ್ಟು ಜನ ಎಂದು ಕೇಳಿದರೂ ನಾಲ್ಕು ಪಾಯಿಂಟ್ ಸೊನ್ನೆ ಎನ್ನುವ ಆಸಾಮಿ ಎಂದು ಎಲ್ಲರೂ ನಗುತ್ತಿದ್ದರು. ಅವನ ಹಿಂದೆಯೇ ಮ್ಯಾನೇಜರೂ ಬಂದರು.

"ಎರಡನೇ ಸ್ಯಾಂಪಲ್ಲು ಮಿತಿಗಿಂತ ನಾಲ್ಕು ಪಾಯಿಂಟ್ ಎರಡು ಪಟ್ಟು ಜಾಸ್ತಿ," ಎಂದ ದಶಮಾಂಶ. "ಮೂರನೇದು ನಾಲ್ಕು ಪಾಯಿಂಟ್ ಏಳು. ಮೊದಲನೇದು ಮಾತ್ರ ಸರಿಯಾಗಿತ್ತು. ಮಿಕ್ಸರಿಗೆ ಸಿಮೆಂಟು ಹೋಗೋ ಕೊಳವೆ ಅರ್ಧ ಪಾಳಿ ಕಟ್ಟಿಕೊಂಡಿತ್ತಂತೆ, ಯಾರೂ ನೋಡಿಲ್ಲ. ಮೇಲೆ ಮಾತ್ರ ಗಟ್ಟಿ. ಒಳಗಿರೋದು ಹಸಿ ಹೂಳು. ನೀರು ಬಿದ್ದರೆ ಸೀಸಾನೆಲ್ಲ ಬಿಟ್ಟುಕೊಡುತ್ತೆ."

"ಮಧ್ಯಾಹ್ನ ಜೋರು ಮಳೆ ಅಂತ ಬಂದರು ಕಚೇರಿಯಿಂದ ಫೋನ್ ಬಂದಿದೆ," ಎಂದರು ಮ್ಯಾನೇಜರು. "ಎಲ್ಲಾ ರಾಶಿಗೂ ಟಾರ್ಪಾಲು ಹಾಕಿಸ್ತಿದೀನಿ. ಒಂಬತ್ತರಿಂದ ಏನೂ ಆಚೆ ಹೋಗಿಲ್ಲ ಅಲ್ವಾ?"

"ಇಲ್ಲ ಸಾರ್."

ಮಾತು ಬಾಯಿಂದ ಉದುರಿಬಿಟ್ಟಿತ್ತು. ಯೋಚನೆ ಮಾಡಿ ಆಡಿದ ಸುಳ್ಳಲ್ಲ ಅದು. ಬೀಳುವವನು ಕೈ ಚಾಚುತ್ತಾನಲ್ಲ, ಹಾಗೆ ಬಂದದ್ದು. ಮ್ಯಾನೇಜರು ಪುಸ್ತಕವನ್ನು ಒಮ್ಮೆ ತಿರುಗಿಸಿ ನೋಡಿದರು. ಪುಸ್ತಕವೂ ಇಲ್ಲ ಎಂದೇ ಹೇಳುತ್ತಿತ್ತು. ಸದ್ಯ, ಎಂದು ಅವರು ಹೊರಟುಹೋದರು.

ಮಂಗಳವಾರ ನಡೆದದ್ದು ಇಷ್ಟು. ಚೀಟಿಯಕ್ಕನ ಸ್ವಂತ ಅಕ್ಕನ ಮನೆಯ ಹಿತ್ತಿಲು ತಗ್ಗು. ಮೊಣಕಾಲುದ್ದ ನೀರು ನಿಂತು ಸೊಳ್ಳೆ. ಅರ್ಜಿ ಹಾಕಿಸಿ, ಎಂಟನೇ ರಾಶಿಯಿಂದ ಒಂದು ಲೋಡು ಮಂಜೂರು ಮಾಡಿಸಿದ್ದಳು ಚೀಟಿಯಕ್ಕ. ಮಣ್ಣು ಹರಡಲು ಆಳುಗಳು ಅಕ್ಕನ ಮನೆಗೆ ಬಂದು ಕೂತಿದ್ದರು. ಲಾರಿಯೂ ಖಾಲಿ ಇತ್ತು. ಆಗ ಲೋಡರಿನವನು, "ಎಂಟು ಖಾಲಿ ಅಕ್ಕಾ, ಬಳಿದರೆ ಬುಟ್ಟಿ ಮಣ್ಣೂ ಸಿಗಲ್ಲ. ಒಂಬತ್ತರಿಂದ ಹಾಕಲಾ?" ಎಂದು ಕೂಗಿ ಕೇಳಿದ. ಹಿಂದಿನ ಸಂಜೆಯಷ್ಟೇ ದಶಮಾಂಶ ಫೋನಿನಲ್ಲಿ, ಒಂಬತ್ತರ ಮೊದಲ ಸ್ಯಾಂಪಲ್ಲು ಚೆನ್ನಾಗಿದೆ, ಇನ್ನೆರಡು ಬರಬೇಕು ಎಂದಿದ್ದ. ನಾಳೆ ಹಸಿರಾಗುವ ಹಲಗೆಗೆ ಇವತ್ತೇ ಏನು ಎಂದು ಅವಳು, "ಹಾಕು," ಎಂದಳು. ಚೀಟಿಯಲ್ಲಿ ಎಂಟು ಎಂದೇ ಬರೆದಳು.

ಆ ಅವಸರಕ್ಕೆ ಕಾರಣವಿತ್ತು. ತಾಯಿ ತೀರಿಕೊಂಡಾಗ ಅವಳಿಗೆ ಏಳು ವರ್ಷ, ಅಕ್ಕನಿಗೆ ಹದಿನಾಲ್ಕು. ಅಕ್ಕ ಶಾಲೆ ಬಿಟ್ಟು ಅವಳ ತಲೆ ಬಾಚಿದಳು, ಜ್ವರ ಬಂದಾಗ ರಾತ್ರಿಯೆಲ್ಲ ಕೂತಳು, ತಾನು ಓದದೆ ಅವಳನ್ನು ಓದಿಸಿದಳು. ಅಕ್ಕನಿಂದ ತೆಗೆದುಕೊಂಡೇ ಬೆಳೆದ ಜೀವ ಇವಳದು. ಅಕ್ಕ ತಾನಾಗಿ ಬಾಯಿಬಿಟ್ಟು ಕೇಳಿದ್ದೆಂದರೆ ಇದೊಂದೇ. "ನಿಮ್ಮಲ್ಲಿ ಒಳ್ಳೇ ಮಣ್ಣು ಸಿಗುತ್ತಂತಲ್ಲೇ ಪುಟ್ಟಿ, ಒಂದು ಲೋಡು ಕೊಡಿಸ್ತೀಯಾ?" ನಲವತ್ತೆರಡರ ಹೆಂಗಸನ್ನು ಈ ಭೂಮಿಯ ಮೇಲೆ ಪುಟ್ಟಿ ಎನ್ನುವವಳು ಅವಳೊಬ್ಬಳೇ.

ಮಣ್ಣು ಸಾಗಿಸಿದ ಡ್ರೈವರನ್ನು ಎಲ್ಲರೂ ಮೌನಿ ಎನ್ನುತ್ತಿದ್ದರು. ನಿದ್ದೆಯಲ್ಲಿ ಬಿಟ್ಟರೆ ಬೇರೆಲ್ಲೂ ಬಾಯಿ ಮುಚ್ಚದವನು. ಚೀಟಿಯಕ್ಕ ಅವನನ್ನು ಲಾರಿ ತೊಳೆಯುವ ಕಟ್ಟೆಯ ಹತ್ತಿರ ಹಿಡಿದಳು. ಕೆಂಪು ಹಲಗೆಯನ್ನು ಅವನೂ ಕಂಡಿದ್ದ.

"ಸುರಿಯೋವಾಗ್ಲೇ ನನಗೆ ಅನುಮಾನ ಬಂತಕ್ಕಾ. ಬೆಣ್ಣೆ ಥರ ಜಾರ್ತಿತ್ತು. ನಾನು ಆಗ್ಲೇ ಹೇಳಬೇಕಿತ್ತು. ಎಲ್ಲಾ ಹೇಳ್ತೀನಿ, ಹೇಳಬೇಕಾದ್ದು ಮಾತ್ರ ಹೇಳಲ್ಲ ಅಂತ ನನ್ನ ಹೆಂಡತಿ ಬೈಯೋದು ಸುಮ್ನೆ ಅಲ್ಲ." ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಪುಸ್ತಕದಲ್ಲಿ ಎಂಟು ಅಂತಿದೆ. ಲೋಡರಿನವನು ಬಾಯಿ ಬಿಡಲ್ಲ, ಅವನ ಕೆಲಸಾನೂ ಹೋಗುತ್ತೆ. ನಾನಂತೂ ಬಿಡಲ್ಲ. ಸಂಜೆ ಡ್ಯೂಟಿ ಮುಗಿದ ಮೇಲೆ ಒಂದು ಗಾಡಿ ತರ್ತೀನಿ, ನಾವಿಬ್ಬರೇ ಎತ್ತಿಬಿಡೋಣ. ಯಾರಿಗೂ ಗೊತ್ತಾಗಲ್ಲ."

ಅವಳು ಆಕಾಶ ನೋಡಿದಳು. ಬಂದರಿನ ಆಚೆ ಮೋಡ ಕಪ್ಪು ಗೋಡೆಯಂತೆ ಎದ್ದಿತ್ತು. ಗಂಟೆ ಒಂಬತ್ತೂವರೆ. ಅಕ್ಕನ ಹಿತ್ತಿಲಿನಲ್ಲಿ ಒಂದು ಬಾವಿಯಿದೆ. ಮಂಗಳವಾರ ಚೀಟಿ ಬರೆಯುವಾಗ ಆ ಬಾವಿ ಅವಳ ತಲೆಗೆ ಬಂದಿರಲೇ ಇಲ್ಲ. ಈಗ ಅದು ಬಿಟ್ಟು ಬೇರೇನೂ ಬರುತ್ತಿರಲಿಲ್ಲ.

ಹುಷಾರಿಲ್ಲ ಎಂದು ಹೇಳಿ ಕೋಣೆಯನ್ನು ಪಕ್ಕದವನಿಗೆ ಒಪ್ಪಿಸಿ, ಸ್ಕೂಟರ್ ಹತ್ತಿ ಹೊರಟಳು. ಇಪ್ಪತ್ತು ನಿಮಿಷದ ದಾರಿ. ಎಲ್ಲಾ ಸಿಗ್ನಲ್ಲುಗಳೂ ಮಾತಾಡಿಕೊಂಡಂತೆ ಕೆಂಪಾದವು.

ಹಿತ್ತಿಲ ಬಾಗಿಲು ದಾಟಿದರೆ ಮಣ್ಣು ಅಂಗೈಯಷ್ಟು ಸಪಾಟಾಗಿತ್ತು. ಭಾವ ಮುಂದೆ ನಿಂತು ಆಳುಗಳಿಂದ ಮರದ ಪಟ್ಟಿ ಎಳೆಸಿ ಸಮ ಮಾಡಿಸಿದ್ದರು. ನೀರು ಮನೆಯ ಕಡೆ ಬಾರದಿರಲಿ ಎಂದು ಬಾವಿಯ ಕಡೆಗೆ ಸ್ವಲ್ಪ ಇಳಿಜಾರು ಕೊಟ್ಟಿದ್ದರು. ಅದೇ ಮಣ್ಣಿನಲ್ಲಿ ಅಕ್ಕನ ಮೊಮ್ಮಗಳು, ಮೂರು ವರ್ಷದ್ದು, ಕುಕ್ಕರುಗಾಲಿನಲ್ಲಿ ಕೂತು ಉಂಡೆ ಕಟ್ಟಿ ಸಾಲಾಗಿ ಇಡುತ್ತಿತ್ತು. ಗಲ್ಲಕ್ಕೂ ಮೆತ್ತಿಕೊಂಡಿತ್ತು.

ಚೀಟಿಯಕ್ಕ ಹಾರಿ ಹೋಗಿ ಮಗುವನ್ನು ಎತ್ತಿಕೊಂಡು ನಲ್ಲಿಯ ಕೆಳಗೆ ಹಿಡಿದಳು. ಮಗು ಕಿರುಚಿತು. ಅಕ್ಕ ಒಳಗಿನಿಂದ ಓಡಿ ಬಂದಳು.

"ಏ ಪುಟ್ಟಿ, ಮಗೂನ ಯಾಕೆ ಹಾಗೆ ಎಳೀತೀಯೇ? ಏನಾಯ್ತು?"

"ಬಾಯಿಗೆ ಹಾಕಿಕೊಳ್ತಾ ಅಕ್ಕಾ? ಈ ಮಣ್ಣು ಬಾಯಿಗೆ ಹಾಕಿಕೊಳ್ತಾ?"

"ಮಕ್ಕಳು ಹಾಕಿಕೊಳ್ಳದೆ ಇರ್ತಾವಾ? ನೀನು ಹಾಕಿಕೊಂಡಿದ್ದಕ್ಕೆ ಲೆಕ್ಕ ಇಟ್ಟೋರು ಯಾರು?" ಎಂದು ನಗಲು ಹೋದ ಅಕ್ಕ, ತಂಗಿಯ ಮುಖ ನೋಡಿ ಅರ್ಧಕ್ಕೆ ನಿಲ್ಲಿಸಿದಳು.

ಚೀಟಿಯಕ್ಕ ಎಲ್ಲವನ್ನೂ ಹೇಳಿದಳು. ಎಂಟು, ಒಂಬತ್ತು, ಹಳದಿ ಹಲಗೆ, ತಾನು ಹಾಕು ಎಂದದ್ದು. ಹೇಳುವಾಗ ಮಗುವಿನ ಉಗುರಿನ ಸಂದುಗಳನ್ನು ಒಂದೊಂದಾಗಿ ಉಜ್ಜುತ್ತಲೇ ಇದ್ದಳು. ಕೇಳಿ ಮುಗಿದ ಮೇಲೆ ಅಕ್ಕ ಬಾವಿಯ ಕಡೆ ತಿರುಗಿ ನೋಡಿದಳು. ಆ ಬಾವಿಯ ನೀರನ್ನು ಮೂರು ಮನೆಯವರು ಕುಡಿಯುತ್ತಿದ್ದರು. ಕಟ್ಟೆ ತಗ್ಗು, ಒಂದು ಕಡೆ ಬಿರುಕು ಬಿಟ್ಟಿತ್ತು.

"ಮಳೆ ಬರೋದರೊಳಗೆ ಇದನ್ನು ತೆಗೀಬೇಕು ಅಕ್ಕಾ."

"ಯಾರು ತೆಗೆಯೋದು? ಏನಕ್ಕೆ ತೆಗೆಯೋದು?" ಭಾವ ಬಾಗಿಲಲ್ಲಿ ನಿಂತಿದ್ದರು. ಯಾವಾಗ ಬಂದಿದ್ದರೋ. ಮೂವತ್ತು ವರ್ಷ ಹಡಗುಕಟ್ಟೆಯಲ್ಲಿ ಬಣ್ಣ ಬಳಿದು ನಿವೃತ್ತರಾದವರು. ತಲೆ ಎತ್ತಿ ನಡೆದವರು, ಯಾರ ಹಂಗಿಗೂ ಬೀಳದವರು. "ಎರಡು ದಿನ ಎದುರಿಗೆ ನಿಂತು ಸಮ ಮಾಡಿಸಿದೀನಿ. ಸೀಸ ಅಂತೆ, ಬಣ್ಣ ಅಂತೆ! ಆ ಬಣ್ಣದಲ್ಲೇ ಮಿಂದವನು ನಾನು. ಊಟಕ್ಕೆ ಮುಂಚೆ ಕೈಗೆ ಹತ್ತಿದ್ದನ್ನ ಪ್ಯಾಂಟಿಗೆ ಒರೆಸಿಕೊಂಡು ತಿಂದಿದೀನಿ. ನನಗೇನಾಗಿದೆ?"

"ಭಾವ, ಅದು ಬಾವಿಗೆ ಇಳಿದರೆ…"

"ಮೆಲ್ಲಗೆ ಮಾತಾಡಮ್ಮ!" ಎಂದು ಗದರಿದರು. "ಗೋಡೆ ಆಚೆ ಜನ ಇದಾರೆ. ಇವರ ಬಾವಿ ವಿಷ ಅಂತ ಬೀದಿ ತುಂಬಾ ಆಡಿಕೊಂಡರೆ ನಾಳೆಯಿಂದ ತಲೆ ಎತ್ತಿ ಓಡಾಡೋದು ಹೇಗೆ? ನಿನ್ನ ತಪ್ಪಿಗೆ ನಮ್ಮ ಮನೆ ಮರ್ಯಾದೆ ಹರಾಜಾಗಬೇಕಾ?"

ತಪ್ಪು ಅವಳದೇ. ಗುಡುಗು ದೂರದಲ್ಲಿ ಒಮ್ಮೆ ಉರುಳಿತು. ಮೂವರೂ ಆಕಾಶ ನೋಡಿದರು.

ಆಗ ಅಕ್ಕ ಬಾಯಿ ಬಿಟ್ಟಳು. ದನಿ ಏರಿಸಲಿಲ್ಲ. "ಬೆಳಗ್ಗೆ ಎದ್ದಾಗ ನಿಮ್ಮ ಕಾಫಿ ಲೋಟ ಯಾರು ಹಿಡ್ಕೋತಾರೆ?"

ಭಾವ ಗೋಡೆಯ ಕಡೆ ಮುಖ ತಿರುಗಿಸಿದರು.

"ಹೇಳಿ. ನಾಲ್ಕು ವರ್ಷದಿಂದ ಯಾರು ಹಿಡ್ಕೋತಾರೆ? ಅಂಗಿ ಗುಂಡಿ ಯಾರು ಹಾಕ್ತಾರೆ? ಕೈ ನಡುಗೋದು ವಯಸ್ಸಿಗೆ ಅಂದ್ರಿ, ನಾನೂ ಹೂಂ ಅಂದೆ. ನಿಮ್ಮ ಜೊತೆ ಬಳೀತಿದ್ದ ಆರು ಜನದಲ್ಲಿ ಈಗ ಕೈ ನಡುಗದೇ ಇರೋರು ಯಾರಿದಾರೆ? ಇರೋರಾದ್ರೂ ಎಷ್ಟು ಜನ?" ಮಗುವನ್ನು ಸೊಂಟಕ್ಕೆ ಏರಿಸಿಕೊಂಡಳು. "ಈ ಮಗುವಿನ ಕೈ ನಡುಗಬಾರದು. ಮರ್ಯಾದೆ ಆಮೇಲೆ ನೋಡೋಣ."

ಭಾವ ತಮ್ಮ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಆಮೇಲೆ ಒಳಗೆ ಹೋಗಿ ಒಂದು ಸಲಿಕೆ ತಂದರು.

ಒಂದು ಸಲಿಕೆ, ಮೂರು ಜನ, ಹತ್ತು ಟನ್ ಮಣ್ಣು. ಮೌನಿ ಬಂದರೂ ನಾಲ್ಕೇ. ಬುಟ್ಟಿಯಲ್ಲಿ ಹೊತ್ತರೆ ರಾತ್ರಿಯಾದರೂ ಮುಗಿಯದು. ಎತ್ತಿದ ಮಣ್ಣನ್ನು ಇಡುವುದಾದರೂ ಎಲ್ಲಿ? ಗುಟ್ಟಾಗಿ ಮುಗಿಸುವ ದಾರಿಯೇ ಇರಲಿಲ್ಲ. ಅದು ಅವಳಿಗೆ ಸ್ಕೂಟರ್ ಹತ್ತುವಾಗಲೇ ಗೊತ್ತಿತ್ತೇನೋ. ಫೋನ್ ತೆಗೆದಳು. ಬೆರಳು ಒದ್ದೆಯಾಗಿ ಎರಡು ಸಲ ತಪ್ಪು ನಂಬರಿಗೆ ಹೋಯಿತು.

"ಸಾರ್, ಬೆಳಗ್ಗೆ ನಾನು ಇಲ್ಲ ಅಂದೆನಲ್ಲ, ಅದು ಸುಳ್ಳು. ಒಂಬತ್ತರಿಂದ ಒಂದು ಲೋಡು ಆಚೆ ಹೋಗಿದೆ. ನಾನೇ ಕಳಿಸಿದ್ದು. ನಮ್ಮಕ್ಕನ ಮನೆ ಹಿತ್ತಿಲಿಗೆ. ಪಕ್ಕದಲ್ಲೇ ಕುಡಿಯೋ ನೀರಿನ ಬಾವಿ ಇದೆ."

ಮ್ಯಾನೇಜರು, "ವಿಳಾಸ ಹೇಳಿ," ಎಂದರು. ಬೈಗುಳಕ್ಕೆ ಮೈ ಬಿಗಿ ಹಿಡಿದು ನಿಂತಿದ್ದವಳಿಗೆ ಆ ಎರಡೇ ಮಾತು ಇನ್ನೂ ಹೆಚ್ಚು ಚುಚ್ಚಿತು.

ಹನ್ನೊಂದಕ್ಕೆ ಲಾರಿ ಬಂತು, ಪ್ಲಾಸ್ಟಿಕ್ ಹಾಸಿದ ತೊಟ್ಟಿಯದು, ಸ್ಟೀರಿಂಗಿನಲ್ಲಿ ಮೌನಿ. ಹಿಂದೆ ಪುಟ್ಟ ಲೋಡರು, ಆರು ಆಳುಗಳು, ಗಂಬೂಟು, ಕೈಗವಸು, ಟಾರ್ಪಾಲಿನ ಸುರುಳಿ, ಮರಳಿನ ಚೀಲ, ಒಂದು ಪಂಪು, ಖಾಲಿ ಡ್ರಮ್ಮುಗಳು. ದಶಮಾಂಶ ಬಾಟಲಿಗಳ ಪೆಟ್ಟಿಗೆ ಹಿಡಿದು ಇಳಿದ. ಮ್ಯಾನೇಜರು ಇಳಿದವರೇ ಅವಳ ಕಡೆ ನೋಡದೆ ಬಾವಿಯ ಕಡೆ ನಡೆದರು, ಕಟ್ಟೆಯ ಬಿರುಕಿನ ಮೇಲೆ ಕೈಯಾಡಿಸಿ ನೋಡಿದರು, ತಲೆ ಅಲ್ಲಾಡಿಸಿದರು.

ಲಾರಿಯ ಸದ್ದಿಗೆ ಪಕ್ಕದ ಮನೆಯ ದರ್ಜಿ ಹೆಂಗಸು ಕೊರಳಿಗೆ ಟೇಪು ಹಾಕಿಕೊಂಡೇ ಹೊರಗೆ ಬಂದಳು. ಎದುರುಮನೆಯವರೂ ಬಂದರು. "ಏನ್ರೀ ಇದು?" ಎಂದು ದರ್ಜಿ ಹೆಂಗಸು ಕೇಳಿದಳು.

"ಏನಿಲ್ಲ, ಚರಂಡಿ ಕೆಲಸ," ಎಂದರು ಭಾವ.

"ಚರಂಡಿ ಅಲ್ಲ," ಎಂದಳು ಅಕ್ಕ. "ಮೊನ್ನೆ ಹಾಕಿಸಿದ ಮಣ್ಣಿನಲ್ಲಿ ವಿಷ ಇದೆಯಂತೆ. ತೆಗೆಸ್ತಿದೀವಿ. ಇವತ್ತಿನಿಂದ ಬಾವಿ ನೀರು ಕುಡಿಯಬೇಡಿ, ನಾವೂ ಕುಡಿಯಲ್ಲ. ನೀನು ಎರಡು ಬಾಂಡ್ಲಿ ತಗೊಂಡು ಹೋಗಿದ್ದೆಯಲ್ಲ ಹೂವಿನ ಕುಂಡಕ್ಕೆ? ಅದನ್ನೂ ತಂದುಬಿಡು."

ದರ್ಜಿ ಹೆಂಗಸಿನ ಕೈ ತಾನಾಗಿ ಬಾಯಿಗೆ ಹೋಯಿತು. "ಅಯ್ಯೋ, ನಿನ್ನೆ ಬರಿಗೈಯಲ್ಲೇ ತುಂಬಿದೀನಿ." ಒಂದು ಗಳಿಗೆ ಅವಳು ಜಗಳಕ್ಕೆ ನಿಲ್ಲುತ್ತಾಳೆ ಎಂದು ಚೀಟಿಯಕ್ಕ ಎಣಿಸಿದಳು. ನಿಂತೂ ನಿಂತಳು. "ಯಾರು ಕೊಡಿಸಿದ್ದು ಇದನ್ನ? ತಲೆಯಲ್ಲಿ ಬುದ್ಧಿ ಇತ್ತಾ ಇಲ್ವಾ?"

"ನಾನು," ಎಂದಳು ಚೀಟಿಯಕ್ಕ. ದರ್ಜಿ ಹೆಂಗಸು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಬಾಯಿಗೆ ಬಂದದ್ದನ್ನೆಲ್ಲ ಅಂದು, ಆಮೇಲೆ ಹೋಗಿ ಐದು ಕುಂಡಗಳನ್ನು ಒಂದೊಂದಾಗಿ ಹೊತ್ತು ತಂದು ಲಾರಿಯ ಪಕ್ಕ ಕುಕ್ಕಿದಳು.

ಕೆಲಸ ಶುರುವಾಯಿತು. ಲೋಡರು ಮನೆಯ ಪಕ್ಕದ ಓಣಿಯಲ್ಲಿ ಗೋಡೆ ಸವರಿಕೊಂಡು ಹೇಗೋ ನುಗ್ಗಿತು. ಮೇಲಿನ ಪದರ ಕಲ್ಲಿನಂತೆ ಒಡೆದರೆ ಒಳಗೆ ಕಪ್ಪು ಹೂಳು ನುಣ್ಣಗೆ ಹೊಳೆಯುತ್ತಿತ್ತು. ಕಡಲು ಇಳಿದ ಹೊತ್ತಿನ ಬಂದರಿನ ವಾಸನೆ ಹಿತ್ತಿಲನ್ನೆಲ್ಲ ತುಂಬಿತು. ಭಾವ ಸಲಿಕೆ ಹಿಡಿಯಲು ನೋಡಿದರು. ಹಿಡಿ ಕೈಯಲ್ಲಿ ನಿಲ್ಲಲಿಲ್ಲ. ಅದನ್ನು ಬಿಟ್ಟು, ಬಾವಿಯ ಬಾಯಿಗೆ ಟಾರ್ಪಾಲು ಕಟ್ಟುತ್ತಿದ್ದ ಆಳುಗಳ ಹತ್ತಿರ ಹೋಗಿ, "ಹಾಗಲ್ಲ ಕಣ್ರೋ, ಗಾಳಿಗೆ ಹಾರಿಹೋಗುತ್ತೆ. ಹಗ್ಗ ಅಡಿಯಿಂದ ತಂದು ಎರಡು ಸುತ್ತು ಹಾಕು, ಈಗ ಬಿಗಿ," ಎಂದು ಹೇಳಿಕೊಡತೊಡಗಿದರು. ಹಡಗಿನ ಪಕ್ಕದಲ್ಲಿ ಹಗ್ಗದ ಮೇಲೆ ತೂಗಾಡಿದವರು. ಗಂಟಿನ ವಿಷಯದಲ್ಲಿ ಅವರ ಮಾತಿಗೆ ಎದುರಿರಲಿಲ್ಲ.

ಹನ್ನೆರಡೂವರೆಗೆ ಮುಕ್ಕಾಲು ಪಾಲು ಎದ್ದಿತ್ತು. ಬಾವಿಯ ಸುತ್ತಲಿನ ಎರಡು ಮಾರು ಅಗಲದ ಪಟ್ಟಿ ಉಳಿದಿತ್ತು. ಅಲ್ಲಿಗೆ ಲೋಡರು ಬಂದರೆ ಕಟ್ಟೆಯೇ ಕುಸಿಯಬಹುದು. ಕೈಯಿಂದಲೇ ತೆಗೆಯಬೇಕು. ಅಷ್ಟರಲ್ಲಿ ಮೊದಲ ಹನಿ ಚೀಟಿಯಕ್ಕನ ಕುತ್ತಿಗೆಯ ಮೇಲೆ ಬಿತ್ತು, ದಪ್ಪ, ತಣ್ಣಗೆ. ಇನ್ನೊಂದು. ಆಮೇಲೆ ಎಣಿಸುವಂತಿರಲಿಲ್ಲ.

"ಟಾರ್ಪಾಲು! ಉಳಿದಿದ್ದಕ್ಕೆ ಟಾರ್ಪಾಲು ಎಳೀರಿ!" ಎಂದು ಮ್ಯಾನೇಜರು ಕೂಗಿದರು. ಎಳೆದರು. ಆದರೆ ಮನೆಯ ಸೂರಿನಿಂದ ಬಿದ್ದ ನೀರು, ಭಾವ ಅಷ್ಟು ಮುತುವರ್ಜಿಯಿಂದ ಕೊಟ್ಟಿದ್ದ ಇಳಿಜಾರಿನಲ್ಲಿ ಹರಿದು, ಟಾರ್ಪಾಲಿನ ಅಡಿಗೆ ನುಗ್ಗಿತು. ಇನ್ನೊಂದು ಬದಿಯಿಂದ ಹೊರಗೆ ಬಂದಾಗ ಅದು ಮಸಿಯ ಬಣ್ಣವಾಗಿತ್ತು. ಸೀದಾ ಬಿರುಕಿನ ಕಡೆಗೆ ಹೊರಟಿತು.

ಚೀಟಿಯಕ್ಕ ಮರಳಿನ ಚೀಲವೊಂದನ್ನು ತಬ್ಬಿಕೊಂಡು ಬಿರುಕಿನ ಮುಂದೆ ಮೊಣಕಾಲೂರಿದಳು. ಒಂದು ಚೀಲ, ಎರಡು, ಮೂರು. ಮೌನಿ ಎಸೆದಂತೆಲ್ಲ ಅವಳು ಒತ್ತಿ ಒತ್ತಿ ಇಟ್ಟಳು. ಸಂದುಗಳಿಂದ ಸಣ್ಣಗೆ ಜಿನುಗುತ್ತಲೇ ಇತ್ತು. ಭಾವ ಮಳೆಯಲ್ಲೇ ನಿಂತು, ಹಿತ್ತಿಲ ಇನ್ನೊಂದು ಮೂಲೆಗೆ ಬೆರಳು ತೋರಿ, "ಅಲ್ಲಿ ಕಾಲುವೆ ತೋಡಿ! ನೀರನ್ನ ಆ ಕಡೆ ತಿರುಗಿಸಿ, ಇಲ್ಲಿ ತಡೆದರೆ ನಿಲ್ಲಲ್ಲ!" ಎಂದು ಅರಚಿದರು. ನಾಲ್ವರು ಅತ್ತ ಓಡಿದರು. ಜನ್ಮದಲ್ಲಿ ಸಲಿಕೆ ಹಿಡಿಯದ ದಶಮಾಂಶನೂ ಕನ್ನಡಕದ ಮೇಲೆ ನೀರು ಸುರಿಯುತ್ತಿರುವಂತೆಯೇ ತೋಡಿದ. ಅಕ್ಕ ಮಗುವನ್ನು ದರ್ಜಿ ಹೆಂಗಸಿನ ಕೈಗೆ ಕೊಟ್ಟು ಬಂದು, ಕೈಗವಸು ಹಾಕಿಕೊಂಡು, ತಂಗಿಯ ಪಕ್ಕದಲ್ಲಿ ಚೀಲಗಳನ್ನು ಒತ್ತಿ ಹಿಡಿದು ಕೂತಳು.

ಕಾಲುವೆ ತೆರೆದಾಗ ಕಪ್ಪು ನೀರು ಒಂದು ಕ್ಷಣ ಅನುಮಾನಿಸಿದಂತೆ ನಿಂತು, ಆಮೇಲೆ ಮೆಲ್ಲಗೆ ಆ ಕಡೆ ಹೊರಳಿತು. ಕಾಲುವೆಯ ಕೊನೆಯಲ್ಲಿ ತೋಡಿದ ಗುಂಡಿಗೆ ಇಳಿಸಿದ ಪಂಪು ಅದನ್ನು ಹೀರಿ ಲಾರಿಯ ಡ್ರಮ್ಮುಗಳಿಗೆ ತುಂಬಿತು. ಮಳೆ ಮುಕ್ಕಾಲು ಗಂಟೆ ಹೊಡೆದು ನಿಂತಿತು. ನಿಂತ ಮೇಲೆ ಉಳಿದ ಪಟ್ಟಿಯನ್ನು ಚಮಚದಲ್ಲಿ ಬಳಿದಂತೆ ಬಳಿದು ತೆಗೆದರು. ಅದರ ಕೆಳಗಿನ ಹಳೇ ಮಣ್ಣನ್ನೂ ಒಂದು ಗೇಣು ಕೆತ್ತಿದರು. ಮಗು ಕಟ್ಟಿದ್ದ, ಮಳೆಗೆ ಮುಂಚೆಯೇ ಅಕ್ಕ ಸೂರಿನ ಕೆಳಗೆ ಎತ್ತಿಟ್ಟಿದ್ದ ಉಂಡೆಗಳನ್ನು ದಶಮಾಂಶ ಎಣಿಸಿ ಚೀಲಕ್ಕೆ ಹಾಕಿದ.

"ಎಷ್ಟು?" ಎಂದು ಕೇಳಿದ ಮೌನಿ.

"ಹನ್ನೊಂದು," ಎಂದ ಅವನು. ಪಾಯಿಂಟು ಸೇರಿಸಲು ಅವನಿಗೂ ಶಕ್ತಿಯಿರಲಿಲ್ಲ.

ಹೊರಡುವ ಮುಂಚೆ ಮ್ಯಾನೇಜರು ಅವಳ ಹತ್ತಿರ ಬಂದರು. "ನೀವು ಬೆಳಗ್ಗೆ ನಿಜ ಹೇಳಿದ್ದರೆ ನನಗೆ ಒಂದೂವರೆ ಗಂಟೆ ಜಾಸ್ತಿ ಸಿಗ್ತಿತ್ತು," ಎಂದರು. "ಮಳೆಗೆ ಮುಂಚೆ ಮುಗೀತಿತ್ತು."

"ಹೌದು ಸಾರ್."

"ನಾಳೆಯಿಂದ ಬರಬೇಡಿ. ವಿಚಾರಣೆ ಆಗುತ್ತೆ, ಕಾಗದ ಬರುತ್ತೆ."

ಬಾವಿಗೆ ಬೀಗ ಹಾಕಿದ ಮುಚ್ಚಳ ಬಂತು. ಮೂರು ಮನೆಗೂ ಅಂಗಳದಿಂದ ದಿನಾ ಟ್ಯಾಂಕರಿನಲ್ಲಿ ನೀರು. ದಶಮಾಂಶ ವಾರಕ್ಕೊಮ್ಮೆ ಬಂದು ಬಾವಿಯಿಂದ ಬಾಟಲಿ ತುಂಬಿಕೊಂಡು ಹೋಗುತ್ತಿದ್ದ. ಕುಡಿಯುವ ನೀರಿನಲ್ಲಿ ಸೀಸದ ಮಿತಿ, ಅವನ ಲೆಕ್ಕದಲ್ಲಿ, ಹತ್ತು. ಮೊದಲ ವಾರ ಎರಡು ಪಾಯಿಂಟ್ ಒಂದು ಬಂತು. ಎರಡನೇ ವಾರ ಮೂರು ಪಾಯಿಂಟ್ ನಾಲ್ಕು. ಮನೆಯಲ್ಲಿ ಕೂತ ಚೀಟಿಯಕ್ಕ ಫೋನಿನ ಮುಂದೆಯೇ ಕಾದಿರುತ್ತಿದ್ದಳು. ಮೂರನೇ ವಾರ ದಶಮಾಂಶ ಎಂಟು ಪಾಯಿಂಟ್ ಒಂಬತ್ತು ಎಂದಾಗ ಅವಳು ಅದನ್ನು ಇನ್ನೊಮ್ಮೆ ಹೇಳಿಸಿದಳು. ನಾಲ್ಕನೇ ವಾರ ಐದು ಪಾಯಿಂಟ್ ಎರಡಕ್ಕೆ ಇಳಿಯಿತು, ಐದನೇ ವಾರ ಎರಡು ಪಾಯಿಂಟ್ ಆರಕ್ಕೆ. ಆಮೇಲೆ ಮೇಲೇರಲಿಲ್ಲ.

ಈ ನಡುವೆ ಅಕ್ಕ ಅವಳಿಗೆ ಫೋನ್ ಮಾಡಲಿಲ್ಲ. ಮಗುವಿನ ರಕ್ತ ಪರೀಕ್ಷೆಯ ಫಲಿತಾಂಶವನ್ನು ಕೂಡ, ಏನೂ ಇಲ್ಲ, ಚೆನ್ನಾಗಿದೆ ಎಂದು, ಭಾವನ ಕೈಯಲ್ಲಿ ಹೇಳಿ ಕಳಿಸಿದಳು. ಅದೇ ದಿನ ಆಸ್ಪತ್ರೆಯಲ್ಲಿ ಅಕ್ಕನ ಬಲವಂತಕ್ಕೆ ಭಾವನೂ ಕೈ ಚಾಚಿ ರಕ್ತ ಕೊಟ್ಟಿದ್ದರು. ಅವರದು ಚೆನ್ನಾಗಿರಲಿಲ್ಲ. ಇದು ಮೊನ್ನೆಯ ಮಣ್ಣಿನದಲ್ಲ, ವರ್ಷಗಳ ಹಿಂದೆಯೇ ಒಳಗೆ ಹೋಗಿ ಮೂಳೆಯಲ್ಲಿ ಕೂತದ್ದು, ಇಷ್ಟಿಷ್ಟೇ ರಕ್ತಕ್ಕೆ ಬರುತ್ತಿದೆ ಎಂದರಂತೆ ಡಾಕ್ಟರು. ಔಷಧಿ ಶುರುವಾಗಿತ್ತು.

ವಿಚಾರಣೆಯಲ್ಲಿ ಅವಳು ಏನನ್ನೂ ಮುಚ್ಚಿಡಲಿಲ್ಲ. ಲೋಡರಿನವನಿಗೂ ಮೌನಿಗೂ ಎಚ್ಚರಿಕೆಯ ಪತ್ರ ಬಂತು. ಅವಳಿಗೆ ಚೀಟಿಯ ಕೋಣೆ ತಪ್ಪಿತು. ಏಳನೇ ವಾರ ಕೆಲಸಕ್ಕೆ ಕರೆದು, ಹೊರಗೆ ಹೋಗುವ ಲಾರಿಗಳ ಚಕ್ರ ತೊಳೆಯುವ ಕಟ್ಟೆಗೆ ಹಾಕಿದರು. ಇಡೀ ದಿನ ನೀರಿನ ಪೈಪು ಹಿಡಿದು ನಿಲ್ಲುವ ಕೆಲಸ. ಡ್ರೈವರುಗಳು ಈಗಲೂ ಚೀಟಿಯಕ್ಕ ಎಂದೇ ಕರೆಯುತ್ತಿದ್ದರು.

ಎಂಟನೇ ವಾರದ ಒಂದು ಬೆಳಗ್ಗೆ ಅಕ್ಕ ಮತ್ತು ಭಾವ ಗೇಟಿನ ಹತ್ತಿರ ನಿಂತಿರುವುದನ್ನು ಕಂಡು ಅವಳು ಪೈಪು ಬಿಟ್ಟು ಓಡಿದಳು. "ಮತ್ತೇನಾಯ್ತು ಅಕ್ಕಾ?" ಎಂದಳು.

"ಏನೂ ಆಗಿಲ್ಲ," ಎಂದಳು ಅಕ್ಕ. "ಇವರಿಗೆ ಆ ರಾಶಿ ನೋಡಬೇಕಂತೆ."

ಒಂಬತ್ತನೇ ರಾಶಿಯನ್ನು ಒಡೆದು ಮತ್ತೆ ಮಿಕ್ಸರಿಗೆ ಹಾಕುತ್ತಿದ್ದರು. ಭಾವ ಬೇಲಿಯ ಈಚೆ ನಿಂತು ಬಹಳ ಹೊತ್ತು ನೋಡಿದರು. ಕಪ್ಪು ಹೂಳಿನಲ್ಲಿ ಅಲ್ಲಲ್ಲಿ ಇಟ್ಟಿಗೆ ಬಣ್ಣದ ಚಕ್ಕೆಗಳಿದ್ದವು. "ಇದು ನಮ್ಮ ಬಣ್ಣ," ಎಂದರು. "ಈ ಕೆಂಪು ಬಣ್ಣ ನಾನೇ ಬಳಿದಿದ್ದು. ನಾನೇ ಕೆರೆದಿದ್ದು."

ದಶಮಾಂಶ ಲ್ಯಾಬಿನಿಂದ ಬಂದ. ಭಾವ ಅವನನ್ನು ಕೇಳಿದರು, "ಹೂಳೆತ್ತೋ ಹಡಗು ಈಗ ಎಲ್ಲಿದೆ?"

"ಹಳೇ ದಕ್ಕೆಯ ಹತ್ತಿರ, ಹಿಂದೆ ಹಡಗು ನಿಲ್ತಿದ್ದ ಕಟ್ಟೆ. ಮುಂದಿನ ತಿಂಗಳು ಅದರ ಪಡುವಣ ಮೂಲೆಗೆ ಹೋಗುತ್ತೆ."

"ಅಲ್ಲಿಗೆ ಹೋಗೋ ಮುಂಚೆ ನನ್ನ ಮಾತು ಕೇಳಿ. ಕೆರೆದ ಬಣ್ಣಾನೆಲ್ಲ ನಾವು ಎಲ್ಲೆಂದರಲ್ಲಿ ಹಾಕ್ತಿರಲಿಲ್ಲ. ಎಲ್ಲಿ ಸುರಿದ್ರೆ ಮೇಸ್ತ್ರಿ ಕಣ್ಣಿಗೆ ಬೀಳಲ್ವೋ ಅಲ್ಲಿಗೇ ಸುರೀತಿದ್ವಿ. ಮೂವತ್ತು ವರ್ಷದ್ದು ಅಲ್ಲಿದೆ. ಯಾವ ಪುಸ್ತಕದಲ್ಲೂ ಅದು ಇರಲ್ಲ."

ದಶಮಾಂಶ ಕೂಡಲೇ ಅವರನ್ನು ಲ್ಯಾಬಿಗೆ ಕರೆದುಕೊಂಡು ಹೋಗಿ, ಬಂದರಿನ ನಕ್ಷೆಯನ್ನು ಮೇಜಿನ ಮೇಲೆ ಹರವಿದ. ಭಾವ ಕುರ್ಚಿ ಎಳೆದುಕೊಂಡು ಕೂತು, ಇಲ್ಲಿಂದ ಇಲ್ಲಿಯವರೆಗೆ, ಈ ಮೆಟ್ಟಿಲ ಕೆಳಗೆ, ಆ ಎರಡು ಕಂಬಗಳ ನಡುವೆ ಎಂದು ಹೇಳುತ್ತಾ ಹೋದರು. ದಶಮಾಂಶ ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ಹೋದ. ಮ್ಯಾನೇಜರನ್ನು ಕರೆಸಿದರು. ಮೂರು ಗುರುತಿಗೆ ಮುಗಿಯುತ್ತದೆ ಎಂದುಕೊಂಡದ್ದು ಹದಿನೇಳಾಯಿತು.

ಅಕ್ಕ ಮತ್ತು ಚೀಟಿಯಕ್ಕ ಹೊರಗೆ, ಲ್ಯಾಬಿನ ಮೆಟ್ಟಿಲ ಮೇಲೆ ಕೂತಿದ್ದರು. ಅಕ್ಕ ಚೀಲದಿಂದ ಊಟದ ಡಬ್ಬಿ ತೆಗೆದು ನಡುವೆ ಇಟ್ಟಳು.

"ಎರಡು ತಿಂಗಳು ನಿನ್ನ ಮೇಲೆ ತುಂಬಾ ಸಿಟ್ಟಿತ್ತು," ಎಂದಳು. "ಈಗಲೂ ಇದೆ. ಅದು ಹೋಗೋವಾಗ ಹೋಗುತ್ತೆ. ನೀನು ಕೈ ತೊಳೆದು ಬಾ."

ಚೀಟಿಯಕ್ಕ ಎದ್ದು ನಲ್ಲಿಯ ಕಡೆ ಹೊರಟಳು. ಕಟ್ಟೆಯಲ್ಲಿ ನಿಂತಿದ್ದ ಲಾರಿಯಿಂದ ಮೌನಿ ಹಾರನ್ ಹೊಡೆದು, ಚಕ್ರ ತೊಳೆಯೋರು ಯಾರೂ ಇಲ್ವೇನ್ರೀ ಎಂದು ಕೂಗುತ್ತಿದ್ದ. "ಹತ್ತು ನಿಮಿಷ ಕಾಯಿ," ಎಂದು ಅವಳು ತಿರುಗಿ ಕೂಗಿದಳು. "ನಮ್ಮಕ್ಕ ಬಂದಿದಾಳೆ."